ಬಾಳೆಲೆಯ ಮೇಲೆ ವಿನ್ಯೊ ವೆರ್ದೆ

ಮೊದಲು ಒಂದು ಮಾತು ಇತ್ಯರ್ಥವಾಗಿಬಿಡಲಿ. ನಾನು ಕುಡಿಯುವುದಿಲ್ಲ. ಹಿಂದೆ ಕುಡಿದಿಲ್ಲ, ಈಗ ಕುಡಿಯುತ್ತಿಲ್ಲ, ಮುಂದೆ ಕುಡಿಯುವ ಯೋಚನೆಯೂ ಇಲ್ಲ. ಕೆಮ್ಮಿನ ಔಷಧಿಯಲ್ಲಿ ಆಲ್ಕೋಹಾಲ್ ಇರುತ್ತದೆ ಎಂದು ಯಾರೋ ಹೇಳಿದ ದಿನದಿಂದ ಔಷಧಿ ಬಿಟ್ಟು ಕೆಮ್ಮನ್ನೇ ಇಟ್ಟುಕೊಂಡವನು ನಾನು. ಇಷ್ಟು ಹೇಳಿದ ಮೇಲೂ ನೀವು "ಹೂಂ, ಹೂಂ" ಎಂದು ಮುಸಿಮುಸಿ ನಗುತ್ತೀರಿ. ಗೊತ್ತು. ಎಲ್ಲರೂ ನಗುತ್ತಾರೆ. ಅದಕ್ಕೇ ಇದನ್ನೆಲ್ಲ ಬರೆಯಬೇಕಾಗಿ ಬಂದಿದೆ.

ನನ್ನ ಹೆಸರು ಅನಂತಪದ್ಮನಾಭ. ಊರು ಮೈಸೂರು. ಈಗ ಮಲಯ್ ನಾಡಿನ ಸೈಬರ್‌ಜಯಾದ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಅಲ್ಲೇ ಹತ್ತಿರದ ಪುಚೊಂಗಿನ ಕಾಂಡೋ ಒಂದರ ಹನ್ನೆರಡನೇ ಮಹಡಿಯಲ್ಲಿ ಹೆಂಡತಿ ಸುಮತಿ, ಹದಿಮೂರು ವರ್ಷದ ಮಗಳು ನಿಹಾರಿಕಾ ಮತ್ತು ನಾನು ವಾಸ.

ಹೆಣ್ಣು ನೋಡಲು ಹೋದಾಗ ನಮ್ಮತ್ತೆ ವೇದವತಮ್ಮ ನನ್ನ ಸಂಬಳ ಕೇಳಲಿಲ್ಲ, ಸ್ವಂತ ಮನೆ ಇದೆಯೇ ಎಂದೂ ಕೇಳಲಿಲ್ಲ. ಅವರ ಒಡಹುಟ್ಟಿದ ಅಣ್ಣ ಕುಡಿದು ಕುಡಿದು ಮೂವತ್ತೆಂಟಕ್ಕೇ ಹೋಗಿಬಿಟ್ಟಿದ್ದರು. ಹಾಗಾಗಿ ಆರು ತಿಂಗಳು ನನ್ನ ಬಗ್ಗೆ ಪತ್ತೇದಾರಿಕೆ ನಡೆಯಿತು. ಕ್ಷೌರದಂಗಡಿಯವನು, ಹಾಲಿನವನು, ಬೀದಿ ಕೊನೆಯ ಆಟೋದವರು, ಎಲ್ಲರೂ "ಯಾರು, ಅವನಾ? ಪಾಪ!" ಎಂದ ಮೇಲೆಯೇ ಮಗಳನ್ನು ಕೊಟ್ಟದ್ದು. ಮದುವೆಯಾದ ಹದಿನಾರು ವರ್ಷದಲ್ಲಿ ನೆಂಟರ ಮುಂದೆ ಅವರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು ಒಂದೇ ಒಂದು. "ನಮ್ಮ ಅಳಿಯಂದ್ರಿಗೆ ಚುರುಕು ಸಾಲದು, ಆದರೆ ಒಂದು ಚಟ ಇಲ್ಲ." ಮನೆತನದ ಬೇರೆ ಅಳಿಯಂದಿರಿಗೆ ಕಾರಿತ್ತು, ಸೈಟಿತ್ತು, ಮಾತಿನ ಚಾಲಾಕಿತನ ಇತ್ತು. ನನಗಿದ್ದದ್ದು ಈ ಒಂದು ಸರ್ಟಿಫಿಕೇಟು. ಅದನ್ನು ನನ್ನಿಂದ ಕಿತ್ತುಕೊಂಡ ಬಗೆಯನ್ನು ಕೇಳಿ.

2020ರ ಫೆಬ್ರವರಿಯಲ್ಲಿ ಅತ್ತೆ ಎರಡು ತಿಂಗಳ ಮಟ್ಟಿಗೆ ಎಂದು ನಮ್ಮಲ್ಲಿಗೆ ಬಂದರು. ಮಾರ್ಚಿನಲ್ಲಿ ವಿಮಾನಗಳು ನಿಂತವು. ಮನೆಗೊಬ್ಬರು ಮಾತ್ರ ಸಾಮಾನು ತರಲು ಹೊರಗೆ ಹೋಗಬಹುದು, ಅದೂ ಹತ್ತು ಕಿಲೋಮೀಟರಿನೊಳಗೆ ಎಂದಾಯಿತು. ಆಫೀಸು ಬಂದು ನಮ್ಮ ಊಟದ ಮೇಜಿನ ಮೇಲೆ ಕೂತಿತು.

ಪೋರ್ಚುಗಲ್ಲಿನ ಒಬ್ಬ ದ್ರಾಕ್ಷಾರಸದ ವ್ಯಾಪಾರಿಯ ಗೋದಾಮಿಗೆ ನಾವು ಸಾಫ್ಟ್‌ವೇರ್ ಮಾಡುತ್ತಿದ್ದೆವು. ಆತನ ಹೆಸರು ದುವಾರ್ತೆ. ಏಪ್ರಿಲ್‌ನ ಒಂದು ಶುಕ್ರವಾರ ಸಂಜೆ ಏಳಕ್ಕೆ, ಅವರಿಗೆ ಮಧ್ಯಾಹ್ನ, ಎಲ್ಲರೂ ವಿಡಿಯೋದಲ್ಲಿ ಕೈಗೊಂದು ಗ್ಲಾಸು ಹಿಡಿದು ಕೂತು ಸಂತೋಷವಾಗಿರತಕ್ಕದ್ದು ಎಂದು ನಮ್ಮ ಮ್ಯಾನೇಜರ್ ಲಿಮ್ ಅಪ್ಪಣೆ ಮಾಡಿದರು. ನಾನು ಗೃಹಪ್ರವೇಶಕ್ಕೆ ಉಡುಗೊರೆ ಬಂದಿದ್ದ ಉದ್ದ ಕಾಲಿನ ಗಾಜಿನ ಲೋಟದಲ್ಲಿ ನಿಂಬೆಹಣ್ಣಿನ ಸೋಡಾ ಹಾಕಿಕೊಂಡು, ಪಕ್ಕದಲ್ಲಿ ಅತ್ತೆ ಕರಿದ ಚಕ್ಕುಲಿ ಇಟ್ಟುಕೊಂಡು ಕೂತೆ.

ದುವಾರ್ತೆ ಇದ್ದಕ್ಕಿದ್ದಂತೆ ಪರದೆಗೆ ಮೂಗು ತಾಗಿಸಿದ. "ಆಹಾ! ಆ ತಿಳಿ ಬಣ್ಣ! ಆ ಸಣ್ಣ ಗುಳ್ಳೆ! ಅನಂತ, ಅದು ನಮ್ಮ ವಿನ್ಯೊ ವೆರ್ದೆ ಅಲ್ಲವೇ?"

ನಿಂಬೆ ಸೋಡಾ ಎನ್ನಬೇಕಿತ್ತು. ಎರಡೇ ಪದ. ಆದರೆ ಹನ್ನೊಂದು ವರ್ಷದಲ್ಲಿ ಆ ಕಂಪನಿಯಲ್ಲಿ ನನ್ನ ಮುಖವನ್ನು ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಇಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದಾರೆ. ನಾನು ತಲೆ ಓರೆ ಮಾಡಿ, ಗ್ಲಾಸನ್ನು ಸ್ವಲ್ಪ ಅಲುಗಿಸಿ, "ಆಫ್‌ಕೋರ್ಸ್" ಎಂದೆ.

"ಅದರ ಜೊತೆ ಏನು ತಿನ್ನುತ್ತಿದ್ದೀರಿ?"

ಚಕ್ಕುಲಿ ತೋರಿಸಿದೆ. ಆತ ಎದೆಯ ಮೇಲೆ ಕೈಯಿಟ್ಟುಕೊಂಡ. ತನ್ನ ಊರಿನ ಈ ಬಿಳಿ ವೈನು ಭಾರತದ ಊಟಕ್ಕೆ ಹೊಂದುವುದೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರಂತೆ. ಈಗ ಬೆಳಕು ಕಂಡಿತಂತೆ. ನಮ್ಮ ಕಡೆಯೇ ಇರುವ ಬಾಂಗ್ಸಾರಿನ ಒಂದು ಅಂಗಡಿಯಿಂದ ನಮ್ಮ ಮನೆಗೆ ಒಂದು ಬಾಟಲಿ ಕಳಿಸುವುದಾಗಿಯೂ, ಮುಂದಿನ ಶುಕ್ರವಾರ ನಾನು ಹತ್ತು ನಿಮಿಷ ನಮ್ಮ ಸಸ್ಯಾಹಾರದಲ್ಲಿ ಯಾವುದು ಅದಕ್ಕೆ ಜೋಡಿ ಎಂದು ಉಪನ್ಯಾಸ ಕೊಡಬೇಕೆಂದೂ ಘೋಷಿಸಿದ.

"ಅನಂತ, ಇಷ್ಟು ವರ್ಷ ಬಚ್ಚಿಟ್ಟಿದ್ದೆಯಲ್ಲ ಲಾ!" ಎಂದು ಲಿಮ್, ಇಲ್ಲಿಯವರ ಮಾತಿಗಿರುವ ಲಾ ಎಂಬ ಬಾಲ ಸೇರಿಸಿ, ಹೊಟ್ಟೆಕಿಚ್ಚಿನಿಂದಲೂ ಹೆಮ್ಮೆಯಿಂದಲೂ ಕೂಗಿದರು.

ಬಾಟಲಿಯನ್ನು ಗುಟ್ಟಾಗಿ ಗೇಟಿನಲ್ಲೇ ಇಸಿದುಕೊಂಡು ಯಾರಿಗಾದರೂ ದಾನ ಮಾಡಿಬಿಡುವುದು ನನ್ನ ಯೋಜನೆ. ಆದರೆ ಜನ ಗುಂಪುಗೂಡಬಾರದು ಎಂದು ನಮ್ಮ ಕಾವಲುಗಾರರು ಒಂದು ಪದ್ಧತಿ ಮಾಡಿದ್ದರು. ಬಂದ ಪ್ರತಿ ಪಾರ್ಸೆಲ್ಲಿನ ಫೋಟೋ ತೆಗೆದು ಕಾಂಡೋದ ವಾಟ್ಸಾಪ್ ಗುಂಪಿಗೆ ಹಾಕುವುದು. ಸೋಮವಾರ ಬೆಳಗ್ಗೆ ಮುನ್ನೂರು ಮನೆಗಳ ಫೋನಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಸುತ್ತಿದ ಹಸಿರು ಬಾಟಲಿಯೊಂದು ಬೆಳಗಿತು. ಮೇಲೆ ಕೆಂಪು ಅಕ್ಷರದಲ್ಲಿ ಮದ್ಯ ಎಂಬ ಚೀಟಿ, ಕೆಳಗೆ ನಮ್ಮ ಮನೆ ನಂಬರು.

ನಾನು ಮೆಟ್ಟಿಲಿಳಿದು ಓಡಿದೆ. ಗೇಟಿನಲ್ಲಿ ಐದನೇ ಮಹಡಿಯ ಐತಪ್ಪ ಆಗಲೇ ನಿಂತಿದ್ದರು. ಪುತ್ತೂರಿನ ಕಡೆಯವರು, ಮೀನು ಮತ್ತು ಪಾನೀಯ ಎರಡನ್ನೂ ಬಲ್ಲವರು.

"ಎಂತ ಮಾರಾಯ್ರೆ ನೀವು! ಭಟ್ಟರ ಹಾಗೆ ಕಾಣ್ತೀರಿ, ಒಳ್ಳೆ ಸಾಮಾನೇ ತರಿಸಿದ್ದೀರಲ್ಲ! ಇದಕ್ಕೆ ಕಾಣೆ ರವಾ ಫ್ರೈ ಆಗ್ಬೇಕು. ಇಲ್ಲದಿದ್ದರೆ ಬಂಗುಡೆ. ಬಾಯಿ ಸುಡುವಷ್ಟು ಬಿಸಿ ಇರ್ಬೇಕು ಆಯ್ತಾ."

"ಇದು ನನ್ನದಲ್ಲ, ಐತಪ್ಪನವರೇ."

"ಎಲ್ಲರೂ ಶುರುವಿಗೆ ಹಾಗೇ ಹೇಳುದು."

ಬೆಳಗಿನ ಹೊತ್ತು ಸುಮತಿಯ ಫೋನು ಅತ್ತೆಯ ಕೈಯಲ್ಲಿರುತ್ತದೆ. ಸಹಸ್ರನಾಮ ಅದರಲ್ಲೇ ಬರುವುದು. ಶುಕ್ರವಾರ ದುವಾರ್ತೆಗೆ ತೋರಿಸುವವರೆಗೆ ಇರಲಿ ಎಂದು ಬಾಟಲಿಯನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ನಾನು ಮೇಲೆ ಬರುವಷ್ಟರಲ್ಲಿ ಮೂವರೂ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ನಮ್ಮತ್ತೆ ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುವವರು. ಅವತ್ತು ಮಾತಾಡಿಸಲೇ ಇಲ್ಲ.

"ಸುಮತಿ, ನಿಮ್ಮ ಯಜಮಾನರ ಚೀಲದಲ್ಲಿರೋದು ಏನು ಅಂತ ಕೇಳು."

"ಆಫೀಸಿನದು ಅತ್ತೆ," ಎಂದೆ.

"ನಮ್ಮಣ್ಣನೂ ಆಫೀಸಿನದು ಅಂತಲೇ ಶುರು ಮಾಡಿದ್ದು."

"ರೀ, ನಿಜ ಹೇಳಿಬಿಡಿ. ಎಷ್ಟು ದಿನದಿಂದ?" ಎಂದು ಸುಮತಿ ಕಣ್ಣೊರೆಸಿಕೊಂಡಳು.

"ಅಪ್ಪ, ಇಟ್ಸ್ ಓಕೆ," ಎಂದಳು ನಿಹಾರಿಕಾ. "ದೇರ್ ಆರ್ ಹೆಲ್ಪ್‌ಲೈನ್ಸ್."

ನನಗೆ ಮೈಯೆಲ್ಲ ಉರಿದುಹೋಯಿತು. ಆಫೀಸಿನ ಕಥೆಯನ್ನೆಲ್ಲ ಹೇಳಿದೆ. ಗ್ಲಾಸು, ಗುಳ್ಳೆ, ದುವಾರ್ತೆ. ಹೇಳುತ್ತಾ ಹೋದಂತೆ ನನಗೇ ಅದು ಕುಡುಕನ ಕಥೆಯ ಹಾಗೆ ಕೇಳಿಸಿತು. ಅತ್ತೆ ಕೊನೆಯವರೆಗೂ ಕೇಳಿ, "ಹೆಂಡ ಹೊಕ್ಕ ಮನೆಯಲ್ಲಿ ನಾನು ನೀರು ಮುಟ್ಟೋಳಲ್ಲ," ಎಂದರು. ಮೈಸೂರಿಗೆ ಹೋಗೋಣವೆಂದರೆ ವಿಮಾನವಿಲ್ಲ. ಅವರು ಎರಡು ಪಾತ್ರೆ, ಕರೆಂಟಿನ ಒಲೆ, ಒಂದು ಚಾಪೆ ತೆಗೆದುಕೊಂಡು, ತುಳಸಿ ಕುಂಡ ಇದ್ದ ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಬಾಲ್ಕನಿ ಮನೆಯೊಳಗೆ ಸೇರಿದ್ದಲ್ಲ ಎಂಬುದು ಅವರ ತೀರ್ಮಾನ. ಮಲಗಲು ಮಾತ್ರ ಮೊಮ್ಮಗಳ ಕೋಣೆಗೆ, ಅದೂ ಗೋಡೆ ಸವರಿಕೊಂಡು.

ಸುಮತಿ ಆ ಮಧ್ಯಾಹ್ನವೇ ಮೈಸೂರಿನ ತನ್ನ ಚಿಕ್ಕಮ್ಮ ಲಕ್ಷ್ಮಿಗೆ ಫೋನು ಮಾಡಿ ಅತ್ತಳು. ನನ್ನ ಸರ್ಟಿಫಿಕೇಟು ಸಮುದ್ರ ದಾಟಿ ಹರಿದುಹೋದ ಗಳಿಗೆ ಅದು.

ಪುಚೊಂಗಿನಲ್ಲಿ ದಿನಾ ಸಂಜೆ ಮಳೆ. ಎಪ್ಪತ್ತೆರಡು ವರ್ಷದ ಹೆಂಗಸು ಹನ್ನೆರಡನೇ ಮಹಡಿಯ ಬಾಲ್ಕನಿಯಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಸಾರು ಕುದಿಸುತ್ತಿರುವುದನ್ನು ಎದುರಿನ ಬ್ಲಾಕಿನವರೆಲ್ಲ ನೋಡಿದರು. ಬೇರೆ ಕೆಲಸವೇನಿತ್ತು ಅವರಿಗೆ? ಮೊದಲ ದಿನ ಅಯ್ಯೋ ಪಾಪ ಎಂದರು. ಎರಡನೇ ದಿನ ಫೋಟೋ ತೆಗೆದರು. ಮೂರನೇ ದಿನ ಗುಂಪಿನಲ್ಲಿ ಒಬ್ಬರು ಬರೆದರು, ಆ ಅಜ್ಜಿಯನ್ನು ಮನೆಯವರು ಬೇರೆ ಇಟ್ಟಿದ್ದಾರೆ, ಯಾಕಿರಬಹುದು? ಇನ್ನೊಬ್ಬರು, ಬೇರೆ ಯಾಕೆ ಇಡುತ್ತಾರೆ, ಕೋವಿಡ್ಡೇ, ಎಂದರು. ನಮ್ಮ ಮಹಡಿಯ ಲಿಫ್ಟಿನ ಬಟನ್ನನ್ನು ಜನ ಸೌಟಿನ ಹಿಡಿಯಿಂದ ಒತ್ತತೊಡಗಿದರು.

ಗುರುವಾರ ಬೆಳಗ್ಗೆ ಆರೋಗ್ಯ ಇಲಾಖೆಯ ಇಬ್ಬರು ಬಿಳಿ ನಿಲುವಂಗಿಯಲ್ಲಿ ಬಂದರು. ಹಿರಿಯಳಾಗಿದ್ದ ಮಲಯ್ ಹೆಣ್ಣುಮಗಳು ಬಹಳ ವಿನಯದಿಂದ, ಇಲ್ಲಿಯ ಪದ್ಧತಿಯಂತೆ ನನ್ನನ್ನು ಎಂಚಿಕ್ ಎಂದು ಕರೆದು, ವಿಚಾರಣೆ ಶುರು ಮಾಡಿದಳು.

"ಎಂಚಿಕ್, ಅಜ್ಜಿಯನ್ನು ಯಾಕೆ ಹೊರಗಿಟ್ಟಿದ್ದೀರಿ?"

"ನಾನಿಟ್ಟಿಲ್ಲ. ಅವರೇ ಹೋಗಿದ್ದು."

"ಜ್ವರ?"

"ಇಲ್ಲ."

"ಕೆಮ್ಮು?"

"ಇಲ್ಲ."

"ಮತ್ತೆ ಏನು ಕಾರಣ?"

"ಒಂದು ಬಾಟಲಿ."

ಆಕೆ ಪೆನ್ನು ನಿಲ್ಲಿಸಿದಳು. "ನೀವು ಕುಡಿದು ಗಲಾಟೆ ಮಾಡಿದಿರಾ?"

"ನಾನು ಕುಡಿಯುವುದೇ ಇಲ್ಲ!"

"ಬಾಟಲಿ ಯಾರದು?"

"ನನ್ನದು."

"ಕುಡಿಯದವರಿಗೆ ಬಾಟಲಿ ಯಾಕೆ?"

"ಅದರ ಜೊತೆ ಏನು ತಿನ್ನಬೇಕು ಅಂತ ಬೇರೆಯವರಿಗೆ ಹೇಳೋದಕ್ಕೆ."

ಆಕೆ ನನ್ನನ್ನು ಬಹಳ ಹೊತ್ತು ನೋಡಿ, ಫಾರಮ್ಮಿನಲ್ಲಿ ನನಗೆ ಕಾಣದಂತೆ ಏನೋ ಬರೆದುಕೊಂಡಳು. ಆಮೇಲೆ ಬಾಲ್ಕನಿಗೆ ಹೋಗಿ ಅತ್ತೆಯ ಮೂಗಿಗೆ ಹಾಕುವ ಕಡ್ಡಿ ತೆಗೆದಳು.

"ಆ ಕಡ್ಡಿ ಮಡೀದಾ ಕೇಳೇ ನಿಹಾ," ಎಂದರು ಅತ್ತೆ.

ನಿಹಾರಿಕಾ ಅದೇನು ಭಾಷಾಂತರ ಮಾಡಿದಳೋ, ಆಕೆ ಗೌರವದಿಂದ ತಲೆಯಾಡಿಸಿದಳು. ಅತ್ತೆ ಮೂಗು ಒಪ್ಪಿಸಿದರು. ಹೊರಡುವಾಗ ಆ ಹೆಣ್ಣುಮಗಳು ಬಾಗಿಲಲ್ಲಿ ನಿಂತು, ನನಗೊಬ್ಬನಿಗೇ ಕೇಳಿಸುವಂತೆ, "ಬಿಡುವುದು ಕಷ್ಟ ಎಂಚಿಕ್. ಆದರೆ ಮನಸ್ಸು ಮಾಡಿದರೆ ಆಗುತ್ತದೆ," ಎಂದಳು. ಅಂದರೆ ಒಂದು ದೇಶದ ಸರ್ಕಾರಿ ಕಡತದಲ್ಲೂ ನಾನು ಕುಡುಕನಾದೆ! ಅತ್ತೆಗೆ ಕೋವಿಡ್ ಇಲ್ಲ ಎಂದು ಮಾರನೇ ದಿನ ಬೆಳಗ್ಗೆಯೇ ಸಂದೇಶ ಬಂತು. ಅವರು ಒಳಗೆ ಮಾತ್ರ ಬರಲಿಲ್ಲ.

ಶುಕ್ರವಾರ ಸಂಜೆ ಉಪನ್ಯಾಸ. ಅಂತರ್ಜಾಲದಲ್ಲಿ ನೋಡಿದರೆ ಈ ಹುಳಿ ವೈನಿಗೆ ಸಿಗಡಿ, ಏಡಿ, ಸುಟ್ಟ ಮೀನು ಎಂದು ಬರೆದಿತ್ತು. ವೆರ್ದೆ ಎಂದರೆ ಹಸಿರಂತೆ, ಬಾಟಲಿಯೂ ಹಸಿರು, ಒಳಗಿರುವುದು ಮಾತ್ರ ಬಿಳಿ. ಇಂಥದ್ದನ್ನು ನಂಬುವುದಾದರೂ ಹೇಗೆ? ನಾನು ನನಗೆ ತಿಳಿದ ದಾರಿ ಹಿಡಿದೆ. ನಮ್ಮ ಊಟದಲ್ಲಿ ಪ್ರತಿಯೊಂದಕ್ಕೂ ಎಲೆಯ ಮೇಲೊಂದು ಜಾಗ ಇದೆ. ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ, ಪಲ್ಯ ಎಲ್ಲಿ, ಅನ್ನ ಎಲ್ಲಿ ಎಂಬುದು ಸಂವಿಧಾನಕ್ಕಿಂತ ಗಟ್ಟಿ. ಈ ವೈನನ್ನು ಎಲೆಯ ಯಾವ ಮೂಲೆಯಲ್ಲಿ ಕೂರಿಸಬೇಕು ಎಂದು ತೋರಿಸಿಬಿಟ್ಟರೆ ಉಪನ್ಯಾಸ ಮುಗಿದಂತೆ. ತಮಿಳರ ಅಂಗಡಿಯಿಂದ ಬಾಳೆಲೆ ತಂದು ರಟ್ಟಿಗೆ ಅಂಟಿಸಿ, ಅದರ ಮೇಲೆ ಬಣ್ಣದ ಕಾಗದದಲ್ಲಿ ಪಲ್ಯ ಕೋಸಂಬರಿ ಮಾಡಿ, ಕ್ಯಾಮೆರಾಕ್ಕೆ ಎದುರಾಗಿ ನಿಲ್ಲಿಸಿದೆ. ಹುಳಿಯನ್ನು ಸಿಹಿ ಸರಿದೂಗಿಸುತ್ತದೆಂದು ಲೆಕ್ಕಹಾಕಿ ಗ್ಲಾಸಿನ ಚಿತ್ರವನ್ನು ಹೋಳಿಗೆಯ ಪಕ್ಕ ಇಟ್ಟೆ.

"ಮಾನ್ಯರೇ, ಇದು ನಮ್ಮ ಎಲೆ," ಎಂದು ಇಂಗ್ಲಿಷಿನಲ್ಲಿ ಆರಂಭಿಸಿದ್ದೆ ಅಷ್ಟೆ. ಹಿಂದಿನಿಂದ ಗಾಜಿನ ಬಾಗಿಲು ದಡಾರನೆ ಸರಿಯಿತು.

"ಎಲೆ ತಿರುಗಿಸಿ ಹಾಕಿದ್ದೀರಲ್ರೀ! ಯಾರ ತಿಥಿ ಮಾಡ್ತಿದ್ದೀರಿ?"

ಐದು ದಿನದಲ್ಲಿ ಅತ್ತೆ ನೇರವಾಗಿ ನನಗೆ ಆಡಿದ ಮೊದಲ ಮಾತು ಅದು. ಪರದೆ ನೋಡಿದೆ. ನಿಜ! ಎಡಕ್ಕಿರಬೇಕಾದ ಎಲೆಯ ಕುಡಿ ಬಲಕ್ಕಿದೆ. ಗಡಬಡಿಸಿ ರಟ್ಟನ್ನು ತಿರುಗಿಸಿದೆ. ಅಷ್ಟರಲ್ಲಿ ಅತ್ತೆ ಒಳಗೇ ಬಂದು ಪರದೆ ಬಿಟ್ಟು ಎಲೆಯನ್ನೇ ನೋಡಿದರು. ಈಗ ಅಲ್ಲಿ ಕುಡಿ ಬಲಕ್ಕೆ!

"ಮತ್ತೂ ತಿಥಿನೇ!" ಎಂದರು.

"ಅಜ್ಜಿ, ಸ್ಕ್ರೀನ್ ಈಸ್ ಲೈಕ್ ಎ ಮಿರರ್," ಎಂದು ನಿಹಾರಿಕಾ ಹಣೆ ಚಚ್ಚಿಕೊಂಡಳು. "ನಮಗೆ ಮಾತ್ರ ಉಲ್ಟಾ ಕಾಣತ್ತೆ."

ಅತ್ತೆ ಕನ್ನಡಿಯನ್ನೂ ಕೇಳಲಿಲ್ಲ, ಮಿರರನ್ನೂ ಕೇಳಲಿಲ್ಲ. ಅವರ ಕಣ್ಣು ಹೋಳಿಗೆಯ ಪಕ್ಕದ ಗ್ಲಾಸಿನ ಮೇಲೆ ನೆಟ್ಟಿತ್ತು. "ಅದರ ರುಚಿ ಹೇಗಿರತ್ತೆ ಅಂತ ಕೇಳೇ ಆ ಪುಣ್ಯಾತ್ಮನ್ನ."

ದುವಾರ್ತೆ ಉತ್ಸಾಹದಿಂದ ವಿವರಿಸಿದ. ತೆಳ್ಳಗೆ, ಹುಳಿಹುಳಿ, ನಾಲಿಗೆಯ ಮೇಲೆ ಸಣ್ಣಗೆ ಚುರುಗುಟ್ಟುತ್ತದೆ. ಎಳೆಯದಿರುವಾಗಲೇ ತಣ್ಣಗೆ ಕುಡಿಯಬೇಕು, ಹಸಿರು ಎನ್ನುವುದು ಅದಕ್ಕೇ.

"ಹುಳಿಗೆ ಹೋಳಿಗೆನಾ?" ಅತ್ತೆ ನನ್ನ ಕಡೆ ತಿರುಗಿದರು. "ಹೋಳಿಗೆ ತಿಂದ ಬಾಯಿಗೆ ಅದು ಬರೀ ಹುಣಸೆನೀರಾಗತ್ತೆ. ಸಾರೂ ಬೇಡ, ಹುಳಿ ಮೇಲೆ ಹುಳಿ ಯಾರು ಬಡಿಸ್ತಾರೆ? ಎಣ್ಣೇಲಿ ಕರಿದದ್ದು ಹಾಕಿ. ಹೀರೇಕಾಯಿ ಬಜ್ಜಿ, ಆಂಬೊಡೆ. ಜಿಡ್ಡನ್ನ ಅದು ಕಡಿಯತ್ತೆ. ಪಕ್ಕದಲ್ಲಿ ಸೌತೆಕಾಯಿ ಕೋಸಂಬರಿ, ಖಾರ ಸ್ವಲ್ಪವೇ. ಆ ಗ್ಲಾಸು ಕೋಸಂಬರಿ ಹತ್ರ ಇರಲಿ, ಪಾಯಸ ಬರೋ ಹೊತ್ತಿಗೆ ಎತ್ತಿಬಿಡಬೇಕು."

ನಿಹಾರಿಕಾ ಹೇಳುತ್ತಾ ಹೋದಳು. ದುವಾರ್ತೆ ಬರೆದುಕೊಳ್ಳುತ್ತಾ ಹೋದ. ಬಜ್ಜಿಯ ಹತ್ತಿರ ಬಂದಾಗ ಕುರ್ಚಿಯಿಂದ ಎದ್ದೇಬಿಟ್ಟ. "ನಮ್ಮಮ್ಮ ಹುರುಳಿಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾಳೆ! ಈ ವೈನಿಗೆ ಅದೇ ಜೋಡಿ!"

"ನೋಡಿ, ಅವರ ತಾಯಿಗೆ ಗೊತ್ತು," ಎಂದು ಅತ್ತೆ ನನ್ನನ್ನು ಇನ್ನೊಮ್ಮೆ ಇರಿದರು.

"ಎಂಥ ನಾಲಿಗೆ!" ಎಂದ ದುವಾರ್ತೆ. "ಈ ತಾಯಿ ಎಷ್ಟು ವರ್ಷದಿಂದ ಕುಡಿಯುತ್ತಿದ್ದಾರೆ?"

ನಿಹಾರಿಕಾ ಬಾಯಿ ಮುಚ್ಚಿಕೊಂಡಳು. ನನಗೆ ಇನ್ನು ತಡೆಯಲಾಗಲಿಲ್ಲ. ಬಟ್ಟೆ ಚೀಲದಿಂದ ಬಾಟಲಿಯನ್ನು ಕಿತ್ತು ಮೇಲಕ್ಕೆತ್ತಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೂಗಿದೆ. "ಯಾರೂ ಕುಡಿಯೋದಿಲ್ಲ! ಈ ಮನೆಯಲ್ಲಿ ಯಾರೂ ಕುಡಿದಿಲ್ಲ! ಅವತ್ತು ನನ್ನ ಗ್ಲಾಸಿನಲ್ಲಿದ್ದದ್ದು ನಿಂಬೆ ಸೋಡಾ! ನಾನು ಸುಳ್ಳು ಹೇಳಿದೆ! ಇಗೋ, ಸೀಲು ನೋಡಿ!"

ಮೊದಲು ಲಿಮ್ ನಕ್ಕರು. "ಅನಂತ ಜೋಕ್ ಲಾ, ಜೋಕ್!" ದುವಾರ್ತೆ ಹೊಟ್ಟೆ ಹಿಡಿದುಕೊಂಡು ನಕ್ಕು, ನಿಜವಾದ ಬಲ್ಲವರು ಹೀಗೇ, ಗೊತ್ತಿಲ್ಲ ಎನ್ನುತ್ತಾರೆ, ಎಂದ. ನನ್ನ ಆಯುಷ್ಯದಲ್ಲಿ ಧೈರ್ಯ ಮಾಡಿ ಹೇಳಿದ ಒಂದೇ ಒಂದು ಸತ್ಯಕ್ಕೆ ಸಂದ ಗೌರವ ಇದು.

ಆದರೆ ಅತ್ತೆ ನಗಲಿಲ್ಲ. ಸೆರಗಿನ ತುದಿಯಿಂದ ಬಾಟಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಸೀಲಿನ ಸುತ್ತ ಕಣ್ಣಾಡಿಸಿದರು. "ನೀವು ಕುಡಿದಿಲ್ಲ," ಎಂದರು. ಇನ್ನೊಂದು ಸಲ ಸೀಲು ನೋಡಿದರು. ಅವರಣ್ಣ ನೆನಪಾಗಿರಬೇಕು. ಬಾಟಲಿಯನ್ನು ಐತಪ್ಪನವರಿಗೆ ಕಳಿಸಿ, ನೆಲ ಒರೆಸಿ, ಆ ಸಂಜೆ ಅತ್ತೆ ಒಳಗೆ ಕೂತು ಊಟ ಮಾಡಿದರು. ನನ್ನ ಕಣ್ಣಲ್ಲೂ ನೀರು ಬಂತು. ಮರ್ಯಾದೆ ಉಳಿಯಿತು ಎಂದುಕೊಂಡೆ. ಮೂರ್ಖ!

ಭಾನುವಾರ ಲಕ್ಷ್ಮಿ ಚಿಕ್ಕಮ್ಮನ ಫೋನು ಬಂತು. "ಅಕ್ಕ, ನಿಮ್ಮ ಅಳಿಯಂದ್ರು ಕುಡೀತಾರಂತೆ, ನಿಜವಾ? ನಮ್ಮಲ್ಲೆಲ್ಲ ಅದೇ ಮಾತು."

ನಾನು ಸೋಫಾದ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತೆ. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಿಟ್ಟುಸಿರು ಬಿಟ್ಟರು.

"ಹೂಂ ಕಣೇ ಲಕ್ಷ್ಮಿ. ಸ್ವಲ್ಪ."

"ಅತ್ತೆ!" ಎಂದು ಚೀರಿದೆ.

ಅವರು ಫೋನಿಗೆ ಅಂಗೈ ಮುಚ್ಚಿದರು. "ಸುಮ್ನಿರಿ. ಕುಡಿಯೋ ಅಳಿಯ ಮನೆಗೊಬ್ಬ ಇರ್ತಾನೆ, ಯಾರೂ ಎರಡನೇ ಸಲ ಕೇಳಲ್ಲ. ಕುಡೀದೇನೇ ಕುಡೀತೀನಿ ಅಂತ ಹೇಳ್ಕೊಂಡೋರನ್ನ ನಾನು ಎಲ್ಲೂ ಕಂಡಿಲ್ಲ. ಅದನ್ನ ಯಾವ ಬಾಯಲ್ಲಿ ಹೇಳ್ಲಿ? ಮಗಳನ್ನ ಎಂಥೋನಿಗೆ ಕೊಟ್ಟೆ ಅಂತ ಆಡ್ಕೊಳಲ್ವಾ?" ಅಂಗೈ ತೆಗೆದರು. "ಇಲ್ಲ ಕಣೇ, ಕೈ ಮೀರಿಲ್ಲ. ನಾನಿದೀನಲ್ಲ, ವಿಮಾನ ಬಿಡೋದ್ರೊಳಗೆ ಬಿಡಿಸ್ತೀನಿ."

ಡಿಸೆಂಬರಿನಲ್ಲಿ ವಿಮಾನ ಬಿಟ್ಟಿತು. ಅತ್ತೆ ಮೈಸೂರಿನಲ್ಲಿ ಇಳಿದದ್ದು ಕುಡುಕ ಅಳಿಯನನ್ನು ಎಂಟು ತಿಂಗಳಲ್ಲಿ ದಾರಿಗೆ ತಂದ ಮಹಾತಾಯಿಯಾಗಿ. ಬಾಲ್ಕನಿ, ಮಳೆ, ಕೊಡೆ ಎಲ್ಲವೂ ಆ ತಪಸ್ಸಿನ ಭಾಗಗಳಾದವು. ಅವರನ್ನು ನೋಡಲು ದೂರದ ನೆಂಟರೆಲ್ಲ ಬಂದರಂತೆ. ಸುಮತಿಗೆ ಹೇಳಿದರೆ, "ಈಗ ಬಿಟ್ಟಿದ್ದೀರಲ್ಲ, ಬಿಡಿ," ಎಂದಳು. ಅವಳೂ!

ಹೋದ ತಿಂಗಳು ಒಂದು ಮಧ್ಯಾಹ್ನ ಲಕ್ಷ್ಮಿ ಚಿಕ್ಕಮ್ಮನ ಸೊಸೆ, ಅವರ ಮಗ ವಿನಯ್‌ನ ಹೆಂಡತಿ ಮಾನಸ ನನಗೇ ಫೋನು ಮಾಡಿದಳು. ಆ ಹುಡುಗಿ ನನ್ನೊಡನೆ ಅದುವರೆಗೆ ನಾಲ್ಕು ಮಾತೂ ಆಡಿದವಳಲ್ಲ.

"ಅಣ್ಣ, ಮನೇಲಿ ಕೂತು ಕೆಲಸ ಮಾಡೋದು ಶುರುವಾದಾಗಿಂದ ವಿನಯ್ ತುಂಬಾ ಕುಡೀತಿದಾರೆ. ನಮ್ಮತ್ತೆಗೆ ಇನ್ನೂ ಗೊತ್ತಿಲ್ಲ. ನೀವು ಒಂದೇ ಒಂದು ಸಲ ಇವರ ಹತ್ರ ಮಾತಾಡಿ. ನೀವು ಹೇಗೆ ಬಿಟ್ರಿ ಅಂತ ಹೇಳಿ, ಸಾಕು."

ಸಿಟ್ಟು ಮಾಡಿಕೊಳ್ಳಲು ಬಾಯಿ ತೆರೆದೆ. ಆದರೆ ಅವಳು ಅಳುತ್ತಿದ್ದಳು. ಆದಷ್ಟು ಮೆತ್ತಗೆ ಹೇಳಿದೆ.

"ಮಾನಸ, ಕೇಳಮ್ಮ. ನಾನು ಕುಡಿದೇ ಇಲ್ಲ. ದೇವರಾಣೆ, ಒಂದು ಹನಿಯೂ ಇಲ್ಲ."

ಆ ಕಡೆ ಮೂಗೊರೆಸಿಕೊಂಡ ಸದ್ದಾಯಿತು.

"ಇವರೂ ದಿನಾ ಹೀಗೇ ಅಂತಾರೆ ಅಣ್ಣ," ಎಂದಳು.